ವೈಫೈ ಕಾರ್ಡ್ ಕೂತಿದೆ, ಆದರೆ ನಡೆಯುತ್ತಿಲ್ಲ: ಹಳೆ ಲ್ಯಾಪ್‌ಟಾಪಿನಲ್ಲಿ ಎಲ್ಲಿಂದ ಹುಡುಕಬೇಕು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಈಗ ಬಹಳ ಮನೆಗೆ ಫೈಬರ್ ಬಂದಿದೆ. ಲ್ಯಾಪ್‌ಟಾಪ್ ಮಾತ್ರ ಹತ್ತು-ಹನ್ನೆರಡು ವರ್ಷದ ಹಿಂದಿನದು. ಎಂಜಿನಿಯರಿಂಗ್ ಹುಡುಗರು ಸೆಕೆಂಡ್ ಹ್ಯಾಂಡ್ ತಗೊಳ್ಳುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಇವೆಲ್ಲ ರ‍್ಯಾಮ್ ಹೆಚ್ಚಿಸಿ ಎಸ್‌ಎಸ್‌ಡಿ ಹಾಕಿದರೆ ಇನ್ನೂ ಆರಾಮಾಗಿ ಓಡುತ್ತವೆ, ಆದರೆ ಅವುಗಳಲ್ಲಿ ಎಷ್ಟೋ ಮಷೀನುಗಳ ವೈಫೈ ಕಾರ್ಡ್ ನಿಧಾನದ 2.4 ಗಿಗಾಹರ್ಟ್ಸ್ ಬ್ಯಾಂಡಿಗೇ ನಿಂತುಬಿಟ್ಟಿದೆ, ವೇಗದ 5 ಗಿಗಾಹರ್ಟ್ಸ್ ಅದಕ್ಕೆ ಬರುವುದಿಲ್ಲ. ಹಾಗಾಗಿ ಜನ ಆನ್‌ಲೈನಿನಲ್ಲಿ ಒಂದು ಕಾರ್ಡ್ ತರಿಸಿ ತಾವೇ ಹಾಕುತ್ತಾರೆ. ಆಮೇಲೆ ಶುರು.

ಅಂಗಡಿಯವರನ್ನು ಕೇಳಿದರೆ ಒಂದು ಮಾತು ಹೇಳುತ್ತಾರೆ: "ಕುಂದ್ರೂದು ಕುಂದ್ರತೈತ್ರಿ, ನಡೀತೈತಿ ಅಂತ ಹೇಳಾಕ ಬರೂದಿಲ್ರಿ." ನುಣುಚಿಕೊಳ್ಳುವ ಮಾತು ಅನಿಸುತ್ತದೆ, ಆದರೆ ಖರೆ ಮಾತು. ಕಾರ್ಡ್ ಸ್ಲಾಟಿಗೆ ಹೊಂದಬೇಕು, ಬಯಾಸ್ (ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಮೊದಲು ಓಡುವ ಒಳಗಿನ ಸಾಫ್ಟ್‌ವೇರ್) ಅದನ್ನು ಒಪ್ಪಬೇಕು, ಕಾರ್ಡ್ ನಡೆಸುವ ಸಾಫ್ಟ್‌ವೇರ್ ಅಂದರೆ ಡ್ರೈವರ್ ಸಿಗಬೇಕು, ಆಂಟೆನಾ ಸರಿಯಾಗಿ ಸೇರಬೇಕು. ಯಾವುದು ಕೈಕೊಟ್ಟಿದೆ ಅಂತ ಲಕ್ಷಣ ನೋಡಿದರೆ ಗೊತ್ತಾಗುತ್ತದೆ. ಅದು ಗೊತ್ತಾಗುವ ತನಕ ಎರಡನೇ ಕಾರ್ಡ್ ತರಿಸಬೇಡಿ.

ಬಿಚ್ಚುವ ಮುಂಚೆ

ನಿಜವಾಗಿ ಕಾರ್ಡೇ ಬದಲಿಸಬೇಕಾ? ಮೊದಲು ಅದನ್ನು ನೋಡಿ, ಇದಕ್ಕೆ ಖರ್ಚಿಲ್ಲ. ಲ್ಯಾಪ್‌ಟಾಪ್ ಇಟ್ಟ ಜಾಗದಲ್ಲೇ ಮೊಬೈಲ್ ಹಿಡಿದು ಸ್ಪೀಡ್ ನೋಡಿ. ಮೊಬೈಲಿನಲ್ಲೂ ನಿಧಾನ ಇದ್ದರೆ ತಪ್ಪು ರೂಟರಿನದು ಅಥವಾ ಲೈನಿನದು. ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ತೆರೆದು "ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಶೋ ಡ್ರೈವರ್ಸ್" ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕಾರ್ಡಿಗೆ ಏನೇನು ಬರುತ್ತದೆ ಅಂತ ಪಟ್ಟಿ ಕೊಡುತ್ತದೆ. ಅದರಲ್ಲಿ 802.11ಎ ಅಥವಾ 802.11ಎಸಿ ಇದ್ದರೆ ನಿಮ್ಮ ಹಳೆ ಕಾರ್ಡಿಗೇ 5 ಗಿಗಾಹರ್ಟ್ಸ್ ಬರುತ್ತದೆ, ಸುಮ್ನೆ ದುಡ್ಡು ಕಳೆಯಬೇಡಿ. ಬಿ, ಜಿ, ಎನ್ ಇಷ್ಟೇ ಇದ್ದರೆ 2.4 ಮಾತ್ರ.

ಬಿಚ್ಚುವಾಗ ಚಾರ್ಜರ್ ತೆಗೆಯಿರಿ. ಶಟ್‌ಡೌನ್ ಮಾಡುವಾಗ ಶಿಫ್ಟ್ ಕೀ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಆಫ್ ಆಗದೆ ಅರ್ಧ ನಿದ್ದೆಯಲ್ಲಿರುತ್ತದೆ. ಬ್ಯಾಟರಿ ಹೊರಗಿನಿಂದ ತೆಗೆಯುವಂಥದ್ದಾದರೆ ತೆಗೆಯಿರಿ. ಒಳಗಿದ್ದರೆ ಹಿಂಬದಿ ಬಿಚ್ಚಿದ ಕೂಡಲೇ ಅದರ ಕನೆಕ್ಟರ್ ಮೊದಲು ಕಳಚಿ. ಆಮೇಲೆ ಪವರ್ ಬಟನ್ ಹದಿನೈದು-ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ನಮ್ಮ ಕಡೆ ಒಣ ಹವೆಯಲ್ಲಿ ಪಾಲಿಸ್ಟರ್ ಅಂಗಿ, ಬ್ಲಾಂಕೆಟ್ ಚಟಚಟ ಅನ್ನುತ್ತವೆ ಅಲ್ವಾ, ಆ ಸ್ಟ್ಯಾಟಿಕ್ ಕಾರ್ಡಿಗೆ ಸಾಕು. ಹಾಸಿಗೆ ಮೇಲೆ ಕೂತು ಈ ಕೆಲಸ ಮಾಡಬೇಡಿ. ಕಟ್ಟಿಗೆ ಟೇಬಲ್ ಮೇಲೆ ಮಾಡಿ, ಮೊದಲು ಕಬ್ಬಿಣದ ಕಿಟಕಿ ಸರಳು ಮುಟ್ಟಿ. ಹಳೆ ಕಾರ್ಡಿನ ಆಂಟೆನಾ ವೈರ್ ಯಾವುದು ಎಲ್ಲಿತ್ತು ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಬ್ಯಾಟರಿ ಉಬ್ಬಿರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ. ಚುಚ್ಚಬೇಡಿ, ಒತ್ತಬೇಡಿ, ಚಾರ್ಜಿಗೂ ಹಾಕಬೇಡಿ. ಮೊದಲು ಬ್ಯಾಟರಿಗೆ ದಾರಿ ನೋಡಿ.

ಕಾರ್ಡ್ ಕೂರುತ್ತಲೇ ಇಲ್ಲ

ಒತ್ತಬೇಡಿ. ಕೂರುತ್ತಿಲ್ಲ ಅಂದರೆ ಜಾತಿಯೇ ಬೇರೆ ಅಂತ ಅರ್ಥ. ಸುಮಾರು 2014ರ ತನಕ ಬಂದ ಬಹಳಷ್ಟು ಲ್ಯಾಪ್‌ಟಾಪಿನಲ್ಲಿ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇರುತ್ತದೆ. ಆ ಕಾರ್ಡ್ 30 ಮಿಲಿಮೀಟರ್ ಅಗಲ. ಉದ್ದದಲ್ಲಿ ಎರಡು ಥರ: ಪೂರ್ತಿ ಕಾರ್ಡ್ ಸುಮಾರು 51 ಮಿಲಿಮೀಟರ್, ಅರ್ಧ ಕಾರ್ಡ್ ಸುಮಾರು 27. ಸ್ಲಾಟಿನ ಪಿನ್ ಎರಡಕ್ಕೂ ಒಂದೇ, ಸ್ಕ್ರೂ ಜಾಗ ಮಾತ್ರ ಬೇರೆ. ಉದ್ದ ಜಾಗದಲ್ಲಿ ಅರ್ಧ ಕಾರ್ಡ್ ಹಾಕಲು ಒಂದು ತಗಡಿನ ಬ್ರಾಕೆಟ್ ಸಿಗುತ್ತದೆ, ಅದು ಸಾಕು. ಆಮೇಲಿನ ಮಷೀನುಗಳಲ್ಲಿ ಎಂ.2 ಬಂತು. 22 ಅಗಲ, 30 ಉದ್ದ, ಅಂಚಿನಲ್ಲಿ ಗೀಟು ಕಡಿದ ಹಾಗೆ ಕಾಣುವ ಎ ಮತ್ತು ಇ ಕೀ. ಇವೆರಡೂ ಒಂದಕ್ಕೊಂದು ಕೂರುವುದಿಲ್ಲ. ಅಡಾಪ್ಟರ್ ಸಿಗುತ್ತದೆ ನಿಜ, ಆದರೆ ಎತ್ತರ ಜಾಸ್ತಿಯಾಗಿ ಹಿಂಬದಿ ಮುಚ್ಚುವುದಿಲ್ಲ ಅನ್ನುವುದು ಮಾಮೂಲಿ ಗೋಳು. ನಾನಂತೂ ಅಡಾಪ್ಟರ್ ಬೇಡ ಅಂತಲೇ ಹೇಳುತ್ತೇನೆ.

ಇನ್ನೊಂದು ಗೊಂದಲ ಇದೆ. ಕೆಲವು ಲ್ಯಾಪ್‌ಟಾಪಿನಲ್ಲಿ ಒಂದೇ ಥರ ಕಾಣುವ ಎರಡು ಸ್ಲಾಟ್ ಇರುತ್ತವೆ. ಒಂದು ವೈಫೈಗೆ, ಇನ್ನೊಂದು ಸಿಮ್ ಹಾಕುವ ಮೋಡೆಮಿಗೆ ಅಥವಾ ಎಂಸಾಟಾ ಅನ್ನುವ ಸಣ್ಣ ಎಸ್‌ಎಸ್‌ಡಿ ಡಿಸ್ಕಿಗೆ. ತಪ್ಪು ಸ್ಲಾಟಿನಲ್ಲೂ ಕಾರ್ಡ್ ಚಂದವಾಗಿ ಕೂರುತ್ತದೆ. ಕೆಲಸ ಮಾಡುವುದಿಲ್ಲ, ಅಷ್ಟೇ. ಹಳೆ ಕಾರ್ಡ್ ಎಲ್ಲಿತ್ತೋ ಅಲ್ಲೇ ಹೊಸದನ್ನು ಹಾಕಿ.

ಕರಿ ಪರದೆ ಮೇಲೆ ಎರಡು ಸಾಲು ಬಂದು ನಿಂತುಬಿಡುತ್ತದೆ

ಕಾರ್ಡ್ ಸುಟ್ಟುಹೋಯಿತು ಅಂತ ಹೆದರಬೇಡಿ. ಹಳೆ ಲೆನೊವೊ, ಐಬಿಎಂ ಥಿಂಕ್‌ಪ್ಯಾಡಿನಲ್ಲಿ 1802 ಅನ್ನುವ ಸಂಖ್ಯೆಯ ಜೊತೆ "ಅನುಮತಿ ಇಲ್ಲದ ನೆಟ್‌ವರ್ಕ್ ಕಾರ್ಡ್ ಹಾಕಿದ್ದೀರಿ, ಆಫ್ ಮಾಡಿ ತೆಗೆಯಿರಿ" ಅನ್ನುವ ಅರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಎಚ್‌ಪಿಯಲ್ಲಿ 104 ಅಂತ ಬಂದು ಸಿಸ್ಟಮ್ ನಿಲ್ಲುತ್ತದೆ. ಇದು ಬಯಾಸ್ ಒಳಗಿನ ಒಪ್ಪಿಗೆ ಪಟ್ಟಿಯ ಕೆಲಸ. ಆ ಪಟ್ಟಿಯಲ್ಲಿ ಹೆಸರಿಲ್ಲದ ಕಾರ್ಡನ್ನು ಕಂಪನಿ ಒಳಗೆ ಬಿಡುವುದಿಲ್ಲ. ಕಾರ್ಡ್ ತೆಗೆದರೆ ಲ್ಯಾಪ್‌ಟಾಪ್ ಮತ್ತೆ ಮೊದಲಿನ ಹಾಗೆ ಆನ್ ಆಗುತ್ತದೆ.

ಇಲ್ಲಿ ಕಾಡುವ ವಿಷಯ ಏನಂದರೆ, ಅದೇ ಇಂಟೆಲ್ ಕಾರ್ಡ್, ಅದೇ ಮಾಡೆಲ್ ನಂಬರ್, ಆದರೂ ಒಂದು ನಡೆಯುತ್ತದೆ ಇನ್ನೊಂದು ನಡೆಯುವುದಿಲ್ಲ. ಬಯಾಸ್ ಬರೀ ಚಿಪ್ ಯಾವುದು ಅಂತ ನೋಡುವುದಿಲ್ಲ, ಆ ಕಾರ್ಡ್ ಯಾವ ಲ್ಯಾಪ್‌ಟಾಪ್ ಕಂಪನಿಗೆ ಅಂತ ತಯಾರಾದದ್ದು ಅನ್ನುವ ಗುರುತನ್ನೂ ನೋಡುತ್ತದೆ. ಹಾಗಾಗಿ ಡೆಲ್‌ನಿಂದ ಬಿಚ್ಚಿದ ಕಾರ್ಡ್ ಲೆನೊವೊದಲ್ಲಿ ಬೇಡವಾಗಬಹುದು. ನೇರ ದಾರಿ ಒಂದೇ. ನಿಮ್ಮ ಮಾಡೆಲಿನ ಸರ್ವಿಸ್ ಮ್ಯಾನ್ಯುಯಲ್ ಕಂಪನಿಯ ಸೈಟಿನಲ್ಲಿ ಸಿಗುತ್ತದೆ, ಅದರಲ್ಲಿ ವೈಫೈ ಕಾರ್ಡಿನ ಪಾರ್ಟ್ ನಂಬರುಗಳಿರುತ್ತವೆ. ಲೆನೊವೊದವರು ಅದನ್ನು ಎಫ್‌ಆರ್‌ಯು ಅನ್ನುತ್ತಾರೆ, ಎಚ್‌ಪಿಯವರು ಸ್ಪೇರ್ ಪಾರ್ಟ್ ನಂಬರ್ ಅನ್ನುತ್ತಾರೆ. ಆ ನಂಬರ್ ಸ್ಟಿಕರ್ ಮೇಲಿರುವ ಕಾರ್ಡನ್ನೇ ಹುಡುಕಿ ತಗೊಳ್ಳಿ.

ಬಯಾಸ್ ತಿದ್ದಿ ಆ ಪಟ್ಟಿಯನ್ನೇ ತೆಗೆದುಹಾಕುವವರೂ ಇದ್ದಾರೆ. ಗೊತ್ತಿರುವವರು ಮಾಡುತ್ತಾರೆ, ಆಗುತ್ತದೆ. ಆದರೆ ಮೊದಲ ಸಲ ಲ್ಯಾಪ್‌ಟಾಪ್ ಬಿಚ್ಚುತ್ತಿರುವವರು ಎಲ್ಲಿಂದಲೋ ಇಳಿಸಿದ ಫೈಲ್ ಹಾಕುವುದು, ಅದೂ ಬ್ಯಾಟರಿ ಸತ್ತ ಹಳೆ ಮಷೀನಿಗೆ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಮಧ್ಯಾಹ್ನದಲ್ಲಿ, ಬೇಡವೇ ಬೇಡ. ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡ್ ಏಳುವುದಿಲ್ಲ. ಪಟ್ಟಿಯ ಕಾರ್ಡ್ ಸಿಗದಿದ್ದರೆ ಯುಎಸ್‌ಬಿ ವೈಫೈ ಡಾಂಗಲ್ ಹಾಕಿಕೊಂಡು ಸುಮ್ಮನಾಗಿ.

ಪರದೆ ಮೇಲೆ ಏನೂ ಬರದೆ, ಪೂರ್ತಿ ಸತ್ತ ಹಾಗೆ ಇದ್ದರೆ ಅದು ಬೇರೆ. ಕಾರ್ಡ್ ತೆಗೆದು ಆನ್ ಮಾಡಿ. ಆನ್ ಆದರೆ ಕಾರ್ಡ್ ಸೊಟ್ಟಗೆ ಕೂತಿತ್ತು ಅಥವಾ ಕಾರ್ಡೇ ಶಾರ್ಟ್ ಇದೆ. ತೆಗೆದರೂ ಆನ್ ಆಗದಿದ್ದರೆ ಬ್ಯಾಟರಿ ಕನೆಕ್ಟರ್, ರ‍್ಯಾಮ್ ಸರಿಯಾಗಿ ಕೂತಿವೆಯಾ ನೋಡಿ. ಸುಟ್ಟ ವಾಸನೆ ಬಂದರೆ ಮತ್ತೆ ಆನ್ ಮಾಡಲು ಹೋಗಬೇಡಿ.

ಲ್ಯಾಪ್‌ಟಾಪ್ ಆನ್ ಆಗುತ್ತದೆ, ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡ್ ಕಾಣುವುದಿಲ್ಲ

ಡಿವೈಸ್ ಮ್ಯಾನೇಜರ್ ಅಂದರೆ ಲ್ಯಾಪ್‌ಟಾಪಿನ ಒಳಗಿನ ಭಾಗಗಳ ಪಟ್ಟಿ ತೋರಿಸುವ ವಿಂಡೋಸಿನ ಕಿಟಕಿ. ಮೊದಲು ಹಳೆ ಕಾರ್ಡ್ ವಾಪಸ್ ಹಾಕಿ ನೋಡಿ. ಬಹಳ ಜನ ಇದನ್ನು ಮಾಡುವುದೇ ಇಲ್ಲ. ಹಳೆಯದು ಕಂಡರೆ ಸ್ಲಾಟ್ ಚೆನ್ನಾಗಿದೆ, ತಕರಾರು ಹೊಸ ಕಾರ್ಡಿನದು. ಹಳೆಯದೂ ಕಾಣದಿದ್ದರೆ ಬಯಾಸ್ ಸೆಟಪ್ಪಿಗೆ ಹೋಗಿ ವೈರ್‌ಲೆಸ್ ಅನ್ನುವುದು ಡಿಸೇಬಲ್ ಆಗಿದೆಯಾ ನೋಡಿ.

ಆಮೇಲೆ ಹೊಸ ಕಾರ್ಡ್ ತೆಗೆದು ಮತ್ತೆ ಓರೆಯಾಗಿ ತಳ್ಳಿ, ಕೆಳಗೆ ಒತ್ತಿ, ಸ್ಕ್ರೂ ಹಾಕಿ. ಸ್ಕ್ರೂ ಇಲ್ಲದೆ ಬಿಟ್ಟರೆ ಕಾರ್ಡ್ ಮೇಲೇಳುತ್ತದೆ. ಬೆಳಗಾವಿ ಮಳೆಗಾಲದ ತಂಪಿನಲ್ಲಿ ವರ್ಷಗಟ್ಟಲೆ ಇದ್ದ ಮಷೀನಿನ ಸ್ಲಾಟಿನಲ್ಲಿ ಪಿನ್ ಮಂಕಾಗಿರಬಹುದು, ವಿಜಯಪುರದ್ದಾದರೆ ಧೂಳು ತುಂಬಿರಬಹುದು. ಕಾರ್ಡಿನ ಬಂಗಾರ ಬಣ್ಣದ ತುದಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ. ನೀರು, ಸ್ಯಾನಿಟೈಸರ್ ಜೆಲ್ ಬೇಡ.

ಇಷ್ಟಾದರೂ ಕಾಣದಿದ್ದರೆ ಕಾರ್ಡಿನ ಹೆಸರು ಓದಿ. ಇಂಟೆಲ್ 9560, ಎಎಕ್ಸ್201, ಎಎಕ್ಸ್211 ಇವೆಲ್ಲ ಸಿಎನ್‌ವಿಐ ಅನ್ನುವ ಬಗೆಯವು. ನೋಡಲು ಮಾಮೂಲಿ ಎಂ.2 ಕಾರ್ಡ್ ಹಾಗೇ ಇವೆ, ಸ್ಲಾಟಿನಲ್ಲಿ ಕೂರುತ್ತವೆ ಕೂಡ. ಆದರೆ ವೈಫೈ ಕೆಲಸದ ಅರ್ಧ ಭಾಗ ಇವುಗಳಲ್ಲಿ ಇಲ್ಲವೇ ಇಲ್ಲ, ಅದು ಹೊಸ ಇಂಟೆಲ್ ಚಿಪ್‌ಸೆಟ್ ಒಳಗಿರುತ್ತದೆ. ಹಳೆ ಲ್ಯಾಪ್‌ಟಾಪಿನಲ್ಲಿ, ಎಎಂಡಿ ಲ್ಯಾಪ್‌ಟಾಪಿನಲ್ಲಿ ಇವು ಯಾವತ್ತೂ ನಡೆಯುವುದಿಲ್ಲ. ಎಎಕ್ಸ್ ಹೆಸರಿನವುಗಳಲ್ಲಿ ಕೊನೆಗೆ ಸೊನ್ನೆ ಇರುವ ಎಎಕ್ಸ್200, ಎಎಕ್ಸ್210 ಮಾತ್ರ ಸಾದಾ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್. ಒಂದು ಅಂಕಿಯ ವ್ಯತ್ಯಾಸ, ಅಗ್ಗಕ್ಕೆ ಸಿಕ್ಕಿತು ಅಂತ 201 ತಗೊಂಡವರು ವಾಪಸ್ ಕಳಿಸಬೇಕಷ್ಟೇ.

ಖರ್ಚಿಲ್ಲದ ಒಂದು ಪಕ್ಕಾ ಪರೀಕ್ಷೆ: ಪೆನ್‌ಡ್ರೈವಿಗೆ ಉಬುಂಟು ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ, ಟರ್ಮಿನಲಿನಲ್ಲಿ "ಎಲ್‌ಎಸ್‌ಪಿಸಿಐ" ಹೊಡೆಯಿರಿ. ಅಲ್ಲಿ ಕಾರ್ಡ್ ಕಂಡರೆ ಹಾರ್ಡ್‌ವೇರ್ ಸರಿ ಇದೆ, ನಿಮ್ಮ ಜಗಳ ವಿಂಡೋಸ್ ಜೊತೆ. ಅಲ್ಲೂ ಕಾಣದಿದ್ದರೆ ಡ್ರೈವರ್ ಹುಡುಕುವುದರಲ್ಲಿ ಅರ್ಥವಿಲ್ಲ.

ಕಾಣುತ್ತದೆ, ಆದರೆ ಹಳದಿ ಗುರುತು ಇದೆ

ಇದು ಸುಲಭದ್ದು. ಗುರುತಿನ ಮೇಲೆ ಡಬಲ್ ಕ್ಲಿಕ್ ಮಾಡಿ ಕೋಡ್ ನೋಡಿ. 28 ಅಂದರೆ ಡ್ರೈವರ್ ಇಲ್ಲ. 10 ಅಂದರೆ ಡ್ರೈವರ್ ಇದೆ, ಕಾರ್ಡ್ ಶುರುವಾಗುತ್ತಿಲ್ಲ. ಬಹಳ ಸಲ ಡ್ರೈವರ್ ಹೊಂದದೇ ಇರುವುದೇ ಕಾರಣ. ಹಳೆ ಡ್ರೈವರನ್ನು ಅನ್‌ಇನ್‌ಸ್ಟಾಲ್ ಮಾಡಿ, ಡ್ರೈವರ್ ಫೈಲನ್ನೂ ಅಳಿಸು ಅನ್ನುವ ಟಿಕ್ ಹಾಕಿ, ರೀಸ್ಟಾರ್ಟ್ ಮಾಡಿ ಹೊಸದು ಹಾಕಿ.

ನೆಟ್ ಇಲ್ಲದೆ ಡ್ರೈವರ್ ಹೇಗೆ ಇಳಿಸುವುದು? ಮೊಬೈಲನ್ನು ಯುಎಸ್‌ಬಿ ಕೇಬಲಿನಿಂದ ಸೇರಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಳಿಸುವುದು ಚಿಪ್ ತಯಾರಿಸಿದ ಕಂಪನಿಯ ಅಥವಾ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಮಾತ್ರ. ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ ಅನ್ನುವ ಸಾಫ್ಟ್‌ವೇರ್ ಹಾಕಿದರೆ ಇದ್ದ ಡ್ರೈವರೂ ಕೆಡುತ್ತವೆ.

ಎಎಕ್ಸ್200, ಎಎಕ್ಸ್210ಕ್ಕೆ ಇಂಟೆಲ್ ಕೊಡುವುದು 64 ಬಿಟ್ ವಿಂಡೋಸ್ 10 ಮತ್ತು 11ರ ಡ್ರೈವರ್. ಇನ್ನೂ ವಿಂಡೋಸ್ 7ರಲ್ಲೇ ಇದ್ದೀರಾದರೆ 7260 ಥರದ ಹಳೆ ಎಸಿ ಕಾರ್ಡ್ ತಗೊಳ್ಳಿ, ಅದು ಮಿನಿ ಪಿಸಿಐ ಎಕ್ಸ್‌ಪ್ರೆಸ್‌ನಲ್ಲೂ ಬಂದಿದೆ. ಲಿನಕ್ಸ್‌ನವರಿಗೆ ಎಎಕ್ಸ್200ಕ್ಕೆ ಕರ್ನಲ್ 5.1, ಎಎಕ್ಸ್210ಕ್ಕೆ 5.10 ಅಥವಾ ಅದಕ್ಕಿಂತ ಹೊಸದು ಬೇಕು.

ಕಾರ್ಡ್ ಸರಿ ಇದೆ ಅನ್ನುತ್ತದೆ, ವೈಫೈ ಮಾತ್ರ ಆನ್ ಆಗುವುದಿಲ್ಲ

ಲ್ಯಾಪ್‌ಟಾಪಿನ ಅಂಚಿನಲ್ಲಿ ಜಾರುವ ಸಣ್ಣ ಸ್ವಿಚ್ ಇದೆಯಾ ನೋಡಿ. ಹಳೆ ಮಷೀನುಗಳಲ್ಲಿ ಅದು ಬ್ಯಾಗಿನಲ್ಲಿ ಉಜ್ಜಿ ತಾನೇ ಆಫ್ ಆಗಿರುತ್ತದೆ. ಇಲ್ಲದಿದ್ದರೆ ಎಫ್‌ಎನ್ ಜೊತೆ ಆಂಟೆನಾ ಚಿತ್ರದ ಕೀ ಒತ್ತಿ. ಲಿನಕ್ಸಿನಲ್ಲಿ "ಆರ್‌ಎಫ್‌ಕಿಲ್ ಲಿಸ್ಟ್" ಹೊಡೆದರೆ ಸಾಫ್ಟ್ ಬ್ಲಾಕಾ (ಸಾಫ್ಟ್‌ವೇರ್ ಆಫ್ ಮಾಡಿದ್ದು) ಹಾರ್ಡ್ ಬ್ಲಾಕಾ (ಸ್ವಿಚ್ಚಿನಿಂದ ಆಫ್ ಆದದ್ದು) ಅಂತ ಹೇಳುತ್ತದೆ.

ಸ್ವಿಚ್ ಆನ್ ಇದ್ದೂ ಹಾರ್ಡ್ ಬ್ಲಾಕ್ ಅಂತಲೇ ಬರುತ್ತಿದ್ದರೆ, ಸ್ಲಾಟಿನ 20ನೇ ಪಿನ್ನಿನಿಂದ ರೇಡಿಯೊ ಬಂದ್ ಮಾಡು ಅನ್ನುವ ಸಂಕೇತ ಹೋಗುತ್ತಿದೆ ಅಂತ ಅರ್ಥ. ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನಲ್ಲಿ ಆ ಒಂದು ಪಿನ್ ಮೇಲೆ ಮೊಬೈಲ್ ರಿಪೇರಿಯವರು ಬಳಸುವ ಕಂದು ಬಣ್ಣದ ಕ್ಯಾಪ್ಟಾನ್ ಟೇಪಿನ ಎಳೆಯಷ್ಟು ತುಂಡು ಅಂಟಿಸಿದರೆ ಸಂಕೇತ ಮುಟ್ಟುವುದಿಲ್ಲ. ಸಮಸಂಖ್ಯೆಯ ಪಿನ್ನುಗಳು ಕಾರ್ಡಿನ ಹಿಂಬದಿಯಲ್ಲಿವೆ, ಕಾರ್ಡಿನ ಅಂಚಿನಲ್ಲಿ ಕಡಿದ ಗೀಟಿನಿಂದ ಉದ್ದದ ಕಡೆಗೆ ಎಣಿಸಿದರೆ ಎರಡನೆಯದು 20. ಪಕ್ಕದ 22 ಮುಚ್ಚಿದರೆ ಕಾರ್ಡ್ ಎದ್ದೇಳುವುದೇ ಇಲ್ಲ. ಸಾದಾ ಸೆಲ್ಲೋಟೇಪ್ ಬಿಸಿಗೆ ಕರಗಿ ಸ್ಲಾಟಿಗೆ ಅಂಟಿಕೊಳ್ಳುತ್ತದೆ, ಅದು ಬೇಡ. ಕೈ ನಡುಗುತ್ತದೆ ಅನ್ನುವವರು ಮೊಬೈಲ್ ರಿಪೇರಿ ಅಂಗಡಿಗೆ ಕೊಡಿ, ಅವರ ಹತ್ತಿರ ಭೂತಗನ್ನಡಿ, ಚಿಮಟ ಎರಡೂ ಇರುತ್ತವೆ.

ರೂಟರ್ ಪಕ್ಕ ಕೂತರೆ ಮಾತ್ರ ಬರುತ್ತದೆ

ಆಂಟೆನಾ. ಹತ್ತರಲ್ಲಿ ಒಂಬತ್ತು ಸಲ ಅದೇ. ವೈರೇ ಸೇರದಿದ್ದರೂ ಕಾರ್ಡ್ ಒಂದೆರಡು ಮೀಟರ್ ದೂರದ ರೂಟರ್ ಹಿಡಿಯುತ್ತದೆ, ಹಾಗಾಗಿ ಜನ ಕಾರ್ಡ್ ಡೂಪ್ಲಿಕೇಟ್ ಅಂದುಕೊಳ್ಳುತ್ತಾರೆ. ರೂಟರ್ ಇರುವ ಕೋಣೆಯಲ್ಲೇ ಸಿಗ್ನಲ್ ಅರ್ಧಕ್ಕಿಂತ ಕಡಿಮೆ ಇದ್ದರೆ ಹಿಂಬದಿ ಬಿಚ್ಚಿ.

ವೈರಿನ ತುದಿ ಅಂಗಿಯ ಟಿಚ್ ಬಟನ್ ಹಾಗೆ. ನೇರ ಮೇಲಿಟ್ಟು ಬೆರಳಿನಿಂದ ಒತ್ತಿದರೆ ಟಿಕ್ ಅನ್ನಬೇಕು. ಸೊಟ್ಟಗೆ ಒತ್ತಿದರೆ ನಡುವಿನ ಸೂಜಿ ಬಾಗುತ್ತದೆ. ಪದೇ ಪದೇ ತೆಗೆದು ಹಾಕಬೇಡಿ, ಯು.ಎಫ್‌ಎಲ್ ಅನ್ನುವ ಈ ಕನೆಕ್ಟರಿಗೆ ಕಂಪನಿ ಹೇಳುವ ಆಯುಷ್ಯವೇ 30 ಸಲ. ತೆಗೆಯುವಾಗ ವೈರ್ ಹಿಡಿದು ಎಳೆಯಬೇಡಿ, ತಲೆಯ ಕೆಳಗೆ ಪ್ಲಾಸ್ಟಿಕ್ ತುಂಡು ತೂರಿಸಿ ನೇರ ಎತ್ತಿ.

ಎಷ್ಟು ಒತ್ತಿದರೂ ಟಿಕ್ ಅನ್ನುವುದಿಲ್ಲವಾ? ನಿಲ್ಲಿಸಿ. ಎಂ.2 ಕಾರ್ಡುಗಳ ಕನೆಕ್ಟರ್ ಎಂಎಚ್‌ಎಫ್4, ಅದು ಯು.ಎಫ್‌ಎಲ್‌ಗಿಂತ ಸಣ್ಣದು. ಹಳೆ ಮಷೀನಿನ ದೊಡ್ಡ ತುದಿ ಅದರ ಮೇಲೆ ಕೂರುವುದಿಲ್ಲ. ಅಡಾಪ್ಟರ್ ಹಾಕಿಕೊಂಡು ಮಿನಿ ಪಿಸಿಐ ಎಕ್ಸ್‌ಪ್ರೆಸ್ ಮಷೀನಿಗೆ ಹೊಸ ಕಾರ್ಡ್ ಹಾಕಿದವರಿಗೆ ಇದು ಬಂದೇ ಬರುತ್ತದೆ. ತುದಿ ಬದಲಿಸುವ ಸಣ್ಣ ವೈರ್ ಸಿಗುತ್ತದೆ.

ಸ್ಕ್ರೀನ್ ಮುಂದೆ ಹಿಂದೆ ಮಾಡಿದಾಗ ಸಿಗ್ನಲ್ ಏರಿಳಿದರೆ ಕಾರ್ಡಿನ ತಪ್ಪಿಲ್ಲ. ಆಂಟೆನಾ ಇರುವುದು ಸ್ಕ್ರೀನಿನ ಸುತ್ತ, ವೈರ್ ಬರುವುದು ಹಿಂಜಿನ (ಸ್ಕ್ರೀನ್ ಮಡಚುವ ಕೀಲಿನ) ಒಳಗಿಂದ, ಅಲ್ಲಿ ಅದು ತುಂಡಾಗುತ್ತಿದೆ. ಅದಕ್ಕೆ ಸ್ಕ್ರೀನ್ ಬಿಚ್ಚಬೇಕು. ಆ ಕೆಲಸ ಅಂಗಡಿಗೆ ಬಿಡಿ.

ಎರಡು ವೈರ್ ಇದ್ದು ಒಂದೇ ಸರಿಯಾಗಿ ಕೂತಿದ್ದರೆ ನೆಟ್ ಬರುತ್ತದೆ, ಲಿಂಕ್ ಸ್ಪೀಡ್ ಅರ್ಧ ತೋರಿಸುತ್ತದೆ: 867 ಎಂಬಿಪಿಎಸ್ ಬರಬೇಕಾದಲ್ಲಿ 433. ಆದರೆ ಒಂದೇ ಆಂಟೆನಾದ ಅಗ್ಗದ ರೂಟರ್ ಇದ್ದರೂ ಅಷ್ಟೇ ತೋರಿಸುತ್ತದೆ, ಬಿಚ್ಚುವ ಮೊದಲು ಅದನ್ನು ನೋಡಿ.

5 ಗಿಗಾಹರ್ಟ್ಸ್ ಹೆಸರೇ ಪಟ್ಟಿಯಲ್ಲಿ ಬರುವುದಿಲ್ಲ

ಕಾರ್ಡ್ ಡ್ಯುಯಲ್ ಬ್ಯಾಂಡ್, ಅಂದರೆ 2.4 ಮತ್ತು 5 ಎರಡೂ ಹಿಡಿಯುವಂಥದ್ದು ಹೌದಾ? ಇಂಟೆಲ್ ಹೆಸರಿದೆ ಅಂದಮಾತ್ರಕ್ಕೆ ಅಲ್ಲ, ಸೆಂಟ್ರಿನೊ ಎನ್ 2230 ಥರದವು 2.4 ಮಾತ್ರ. ಕಾರ್ಡ್ ಸರಿ ಇದ್ದರೆ ರೂಟರಿನ ಪೇಜ್ ತೆರೆದು 5 ಗಿಗಾಹರ್ಟ್ಸ್ ಚಾನೆಲನ್ನು ಆಟೊದಿಂದ 36ಕ್ಕೆ ಬದಲಿಸಿ ನೋಡಿ. ರಾಡಾರ್ ಜೊತೆ ಹಂಚಿಕೊಂಡ ನಡುವಿನ ಚಾನೆಲುಗಳನ್ನು ಕೆಲವು ಕಾರ್ಡ್ ನೋಡುವುದಿಲ್ಲ. 2.4ರಲ್ಲೂ ಇಂಥದ್ದೇ ಒಂದಿದೆ. ನಮ್ಮಲ್ಲಿ ರೂಟರ್ 12, 13ನೇ ಚಾನೆಲಿಗೂ ಹೋಗಬಹುದು, ಅಮೆರಿಕಕ್ಕೆಂದು ತಯಾರಾದ ಕಾರ್ಡ್ 11ಕ್ಕೇ ನಿಲ್ಲುತ್ತದೆ.

ಹೊಸ ವೈಫೈ 6 ರೂಟರ್ ತಂದ ಮೇಲೆ ಇಡೀ ನೆಟ್‌ವರ್ಕೇ ಮಾಯವಾದರೆ ಹಳೆ ಇಂಟೆಲ್ ಡ್ರೈವರ್ ಮೇಲೆ ಅನುಮಾನ ಪಡಿ. ಹಳೆ ಡ್ರೈವರುಗಳಿಗೆ ಎಎಕ್ಸ್ (ವೈಫೈ 6) ಸಿಗ್ನಲ್ ಅರ್ಥವಾಗದೆ ಆ ಹೆಸರನ್ನೇ ತೋರಿಸುವುದಿಲ್ಲ. ಡ್ರೈವರ್ ಹೊಸದು ಹಾಕಿ, ಆಗದಿದ್ದರೆ ರೂಟರಿನಲ್ಲಿ ಎಎಕ್ಸ್ ಮೋಡ್ ಆಫ್ ಮಾಡಿ. ಹೆಸರು ಕಂಡು ಪಾಸ್‌ವರ್ಡ್ ಒಪ್ಪದಿದ್ದರೆ ರೂಟರಿನ ಭದ್ರತೆ ಬರೀ ಡಬ್ಲ್ಯುಪಿಎ3 ಇದೆಯಾ ನೋಡಿ, 2 ಮತ್ತು 3 ಎರಡೂ ಇರುವ ಆಯ್ಕೆಗೆ ಬದಲಿಸಿ.

ಇನ್ನು ಮನೆ. ಬಾಗಲಕೋಟೆ ಸುತ್ತಿನ ಹಳೆ ಕಲ್ಲಿನ ಮನೆಗಳು, ಮೊಳದಗಲದ ಗೋಡೆ. ಪಡಸಾಲೆಯಲ್ಲಿ ರೂಟರ್ ಇಟ್ಟು ಒಳಕೋಣೆಯಲ್ಲಿ ಕೂತರೆ 2.4 ಹೇಗೋ ಬರುತ್ತದೆ, 5 ಬರುವುದಿಲ್ಲ. ಯಾವ ಕಾರ್ಡ್ ಹಾಕಿದರೂ ಅಷ್ಟೇ. ರೂಟರನ್ನು ಬಾಗಿಲಿನ ನೇರಕ್ಕೆ ತನ್ನಿ, ಅಥವಾ ಒಂದು ಲ್ಯಾನ್ ಕೇಬಲ್ ಎಳೆಯಿರಿ.

ನಡುನಡುವೆ ಕಡಿಯುತ್ತದೆ

ಬ್ಯಾಟರಿ ಮೇಲಿದ್ದಾಗ ಮಾತ್ರ ಕಡಿದರೆ ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟಿಗೆ ಹೋಗಿ, ಪವರ್ ಉಳಿಸಲು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಲ್ಯಾಪ್‌ಟಾಪ್ ಎತ್ತಿದಾಗ ಕಡಿದರೆ ಸ್ಕ್ರೂ ಸಡಿಲ. ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಹಚ್ಚಿದಾಗ ಕಡಿದರೆ ಆ ಕೇಬಲಿನ ಗದ್ದಲ 2.4ಕ್ಕೆ ಅಡ್ಡ ಬರುತ್ತಿದೆ, 5ಕ್ಕೆ ಹೋಗಿ ಅಥವಾ ಡಿಸ್ಕನ್ನು ದೂರವಿಡಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಅರ್ಧ ಗಂಟೆ ಓಡಿದ ಮೇಲೆಯೇ ಕಡಿದರೆ ಫ್ಯಾನಿನ ಧೂಳು ತೆಗೆಸಿ.

ವೈಫೈ ಬರುತ್ತದೆ, ಬ್ಲೂಟೂತ್ ಇಲ್ಲ

ಕಾರ್ಡಿನ ಬ್ಲೂಟೂತ್ ಭಾಗ ಯುಎಸ್‌ಬಿ ತಂತಿಯಲ್ಲಿ ಓಡುತ್ತದೆ. ಕೆಲವು ಹಳೆ ಲ್ಯಾಪ್‌ಟಾಪಿನ ವೈಫೈ ಸ್ಲಾಟಿಗೆ ಆ ತಂತಿಯನ್ನೇ ಕೊಟ್ಟಿಲ್ಲ. ಡ್ರೈವರ್ ಹಾಕಿಯೂ ಕಾಣದಿದ್ದರೆ ಒಂದು ಸಣ್ಣ ಬ್ಲೂಟೂತ್ ಡಾಂಗಲ್ ತಗೊಳ್ಳಿ, ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಅಂಗಡಿಗೆ ಯಾವಾಗ

ಸ್ಕ್ರೂ ತಲೆ ಸವೆದರೆ, ಸ್ಲಾಟಿನ ಪಿನ್ ಬಾಗಿದರೆ, ಹಿಂಜಿನ ವೈರ್ ತುಂಡಾಗಿದ್ದರೆ ಮನೆಯಲ್ಲಿ ಹಟ ಮಾಡಬೇಡಿ. ತೆಳು ಮಾಡೆಲ್ ಕೆಲವುಗಳಲ್ಲಿ ವೈಫೈ ಚಿಪ್ ಮದರ್‌ಬೋರ್ಡಿಗೇ ಬೆಸುಗೆ ಆಗಿರುತ್ತದೆ, ಅಲ್ಲಿ ಬದಲಿಸಲು ಏನೂ ಇಲ್ಲ. ಅಂಗಡಿಗೆ ಕೊಡುವಾಗ "ವೈಫೈ ಬರವಲ್ದು" ಅಂತಷ್ಟೇ ಹೇಳಬೇಡಿ. ಹಳೆ ಕಾರ್ಡ್ ಹಾಕಿದರೆ ಬರುತ್ತದಾ, ಉಬುಂಟುನಲ್ಲಿ ಕಾಣುತ್ತದಾ, ಕೋಡ್ ಎಷ್ಟು, ಇಷ್ಟು ಚೀಟಿಯಲ್ಲಿ ಬರೆದು ಕೊಡಿ, ಅರ್ಧ ಕೆಲಸ ಆದಂತೆ. ಬಯಾಸ್ ಮುಟ್ಟುವುದಿದ್ದರೆ ನಿಮ್ಮನ್ನು ಕೇಳಿ ಮುಟ್ಟಲಿ. ಹಳೆ ಕಾರ್ಡ್ ವಾಪಸ್ ಇಸಿದುಕೊಳ್ಳಿ, ಮುಂದಿನ ಸಲ ಸ್ಲಾಟ್ ಪರೀಕ್ಷೆಗೆ ಅದೇ ಬೇಕಾಗುತ್ತದೆ.